ಹಳೇ ಇನ್ನೋವಾ ದುಡ್ಡಿಗೆ ಬೆಂಜ್ ಸಿಗುತ್ತೆ ಅಂತ ಅಡ್ವಾನ್ಸ್ ಕೊಡೋ ಮುಂಚೆ

ಬಿಡದಿಯಲ್ಲಿ ತಯಾರಾದ ಹಳೇ ಡೀಸೆಲ್ ಇನ್ನೋವಾಗೆ ಕೇಳೋ ದುಡ್ಡಿಗೇ 1995ರ ಆಸುಪಾಸಿನ ಮರ್ಸಿಡಿಸ್ ಇ220, ಅಂದರೆ ಡಬ್ಲ್ಯು124, ಮಾರಾಟಕ್ಕೆ ಬರುತ್ತೆ. "70 ಸಾವಿರ ಅಷ್ಟೇ ಓಡಿರೋದು ಸಾರ್, ಶೆಡ್ಡಲ್ಲೇ ನಿಂತಿತ್ತು" ಅಂತಾರೆ. ಜನ ಬೀಳೋದು ಈ ಮಾತಿಗೇ. ಇನ್ನೋವಾ ಓಡಿ ಸವೆಯುತ್ತೆ. ಈ ಬೆಂಜ್ ನಿಂತಲ್ಲೇ ಹಾಳಾಗುತ್ತೆ.

ಮುಖ್ಯ ರೋಗ ವೈರಿಂಗ್. ಆ ವರ್ಷಗಳ ಇಂಜಿನ್ ಹಾರ್ನೆಸ್‌ನಲ್ಲಿ, ಅಂದರೆ ಇಂಜಿನ್ನಿನ ವೈರುಗಳ ಕಟ್ಟಿನಲ್ಲಿ, ವೈರಿನ ಹೊದಿಕೆ ವಯಸ್ಸಿಗೂ ಬಿಸಿಗೂ ಒಣಗಿ ಉದುರುತ್ತೆ. ಇಂಧನ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರ್ ಹತ್ತಿರ ಹೊರಗಿನ ಸ್ಲೀವ್ ಸರಿಸಿ, ವೈರನ್ನು ಮೆತ್ತಗೆ ಬಗ್ಗಿಸಿ ನೋಡಿ. ಸುಟ್ಟ ಹಪ್ಪಳದ ಹಾಗೆ ಪುಡಿಯಾದರೆ ಮುಗೀತು, ಇಡೀ ಹಾರ್ನೆಸ್ ಬದಲಿಸಬೇಕು. ಹೊಸದಾಗಿ ಟೇಪ್ ಸುತ್ತಿದ್ದರೆ ಇನ್ನೂ ಅನುಮಾನ ಪಡಿ. ಒಳಗೆ ತಾಮ್ರಕ್ಕೆ ತಾಮ್ರ ತಾಗಿದರೆ ಮೊದಲು ಐಡ್ಲಿಂಗ್ ಏರುಪೇರು, ಆಮೇಲೆ ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯುಗೇ ಕುತ್ತು. ಇಂಜಿನ್ನಿಗೆ ಹೋಗೋ ಗಾಳಿ ಹತೋಟಿ ಮಾಡುವ ಥ್ರಾಟಲ್ ಆಕ್ಚುಯೇಟರ್ ಒಳಗೂ ಇದೇ ಜಾತಿಯ ವೈರು. ಹಾರ್ನೆಸ್ ಒಂದನ್ನೇ ಬದಲಿಸಿದವರು ಮತ್ತೆ ಗ್ಯಾರೇಜಿಗೇ ಬರ್ತಾರೆ.

ಎಸಿ ತಣ್ಣಗಿದೆ ಅಂತ ಖುಷಿಪಡಬೇಡಿ, ಹಿಂದಿನ ದಿನ ಗ್ಯಾಸ್ ತುಂಬಿರ್ತಾರೆ. ಎಸಿಯ ತಂಪು ಕಾಯಿಲ್, ಅಂದರೆ ಎವಾಪರೇಟರ್, ಸೋರಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಕೂಲಿಯೇ ಭಾರ. ಪಕ್ಕದ ಜಾಕಿ ಪಾಯಿಂಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಬೆರಳು ಆಡಿಸಿ. ತುಕ್ಕು ಕೂರೋದು ಅಲ್ಲೇ.

ಹಾಗಂತ ಇನ್ನೋವಾ ಸಾಧು ಅಲ್ಲ. ಮೀಟರ್ ನಂಬಲೇಬೇಡಿ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ, ಹಳದಿ ಬೋರ್ಡಿಂದ ಬಿಳಿ ಬೋರ್ಡಿಗೆ ಬಂದದ್ದಾ ನೋಡಿ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಆಯಿಲ್ ಮುಚ್ಚಳ ಎತ್ತಿ. ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿರಬೇಕು, ಇಲ್ಲಾ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರುತ್ತಿರಬೇಕು. ವಾಷರ್ ಅಗ್ಗ. ಅದನ್ನು ಬದಲಿಸದೆ ಹಾಗೇ ಬಿಟ್ಟರೆ ಮಸಿ ಆಯಿಲಿಗಿಳಿದು ಇಂಜಿನ್ ತಳದ ಆಯಿಲ್ ಸಂಪಿನೊಳಗಿನ ಜಾಲರಿ ಕಟ್ಟಿಕೊಳ್ಳುತ್ತೆ, ಆಯಿಲ್ ಪ್ರೆಶರ್ ಬಿದ್ದು ಇಂಜಿನ್ ಸೀಜ್. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ.

ಬಿ ಎಕ್ಸ್‌ಟ್ರಾಕ್ಟ್ ಬೆಂಜ್‌ಗೂ ಬೇಕು. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ, ಇಂಪೋರ್ಟೆಡ್ ಅಂತ ದಾಖಲಾಗಿದ್ದರೆ 80,000. ಪುಣೆಯಲ್ಲಿ ಜೋಡಿಸಿದ ಕಾರಾ, ಹೊರಗಿನಿಂದ ತರಿಸಿದ್ದಾ ಅನ್ನೋದನ್ನು ಅದರಲ್ಲೇ ಓದಿಕೊಳ್ಳಿ, ಮಾರುವವರ ಬಾಯಲ್ಲಿ ಅಲ್ಲ.