ವಿಜಯಪುರದ ರವಿವಾರದ ಟಿಇಟಿ ತರಗತಿ: ಪಠ್ಯಕ್ರಮದಲ್ಲಿಲ್ಲದ ಪಾಠವೇ ಇಲ್ಲಿಯ ಬಲ

ಸೇವೆಯಲ್ಲಿರುವ ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿಯೇ ವಿಜಯಪುರದ ಒಂದು ಖಾಸಗಿ ತರಬೇತಿ ಕೇಂದ್ರವು ನಡೆಸುತ್ತಿರುವ ರವಿವಾರದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬ್ಯಾಚನ್ನು ನಾನು ಪೂರ್ತಿಯಾಗಿ ಮುಗಿಸಿದ್ದೇನೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಬರುವ ಮೊದಲೇ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಕೋರ್ಸಿನ ಆಧಾರದ ಮೇಲೆ ನೇಮಕಗೊಂಡ ನನ್ನಂಥವರಿಗೆ ಈ ಪರೀಕ್ಷೆಯ ಅಗತ್ಯ ಬಿದ್ದದ್ದು 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಆ ತೀರ್ಪಿನಂತೆ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅದಕ್ಕಿಂತ ಕಡಿಮೆ ಸೇವೆ ಉಳಿದವರು ಪರೀಕ್ಷೆಯಿಲ್ಲದೆ ನೌಕರಿಯಲ್ಲಿ ಮುಂದುವರಿಯಬಹುದಾದರೂ ಬಡ್ತಿ ಬೇಕೆಂದರೆ ಅವರೂ ಬರೆಯಲೇಬೇಕು. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ವಾರದ ಒಂದೇ ರಜೆಯನ್ನು ಬಿಟ್ಟು ಬಸ್ಸಿನಲ್ಲಿ ಬರುವ ಶಿಕ್ಷಕ ಶಿಕ್ಷಕಿಯರಿಗೆ ಈ ತರಗತಿ ಎಷ್ಟು ಉಪಯುಕ್ತ ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆಯ ಮಟ್ಟಿಗೆ ಇಲ್ಲಿಯ ಬೋಧನೆ ಕ್ರಮಬದ್ಧವಾಗಿದೆ. ಒಂದರಿಂದ ಐದನೇ ತರಗತಿಯ ಶಿಕ್ಷಕರ ಮೊದಲ ಪತ್ರಿಕೆಯಲ್ಲಿ ಶಿಶು ವಿಕಸನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ ಎಂದು ತಲಾ 30 ಅಂಕಗಳ ಐದು ಭಾಗಗಳಿದ್ದು, 150 ಪ್ರಶ್ನೆಗಳಿಗೆ 150 ನಿಮಿಷಗಳಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಗಣಿತ ಮತ್ತು ಶಿಶು ವಿಕಸನದ ಪಾಠಗಳು ಚೆನ್ನಾಗಿವೆ, ಇಂಗ್ಲಿಷ್ ಪಾಠ ಅವಸರದ್ದು. ಪರೀಕ್ಷೆ ಬರೆಯುವ ರೂಢಿ ಎಂದೋ ತಪ್ಪಿಹೋದವರಿಗೆ ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯ ಮೇಲೆ ಗಡಿಯಾರ ಇಟ್ಟು ಅಭ್ಯಾಸ ಮಾಡಿಸುವುದು ಬಹಳ ಸಹಾಯಕವಾಗಿದೆ. ಇಷ್ಟನ್ನು ಊರಿನ ಬೇರೆ ಕೇಂದ್ರಗಳೂ ಕೊಡುತ್ತವೆ.

ಬೇರೆ ಕಡೆ ಸಿಗದಿರುವುದು ಇಲ್ಲಿಯ ನಿವೃತ್ತ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಉಪನ್ಯಾಸಕರೊಬ್ಬರು ಮಾಡುವ ಪಾಠ. ಮೊದಲ ವಾರಗಳಲ್ಲಿಯೇ ಶಿಕ್ಷಕಿಯೊಬ್ಬರು ಎದ್ದು ನಿಂತು, "ಸರ, ಇಪ್ಪತ್ತ ವರ್ಷ ಕಲಿಸೇವ್ರಿ. ನಾವು ಕಲಿಸಿದ ಹುಡುಗರ ಈಗ ಮಾಸ್ತರ ಆಗ್ಯಾರ. ಈಗ ನಮಗ ಪರೀಕ್ಷಾ ಯಾಕ್ರೀ?" ಎಂದು ಕೇಳಿದರು. ಇಡೀ ತರಗತಿಯ ಮನಸ್ಸಿನಲ್ಲಿದ್ದ ಈ ಮಾತಿಗೆ ಅವರು ಸಮಾಧಾನ ಹೇಳಿ ಮುಗಿಸಲಿಲ್ಲ. ಕಲಿಸಲು ಅನುಮತಿ ಕೊಡುವ ಅಧಿಕಾರ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು, ಅವರು ಏನನ್ನು ನೋಡಿ ಕೊಡುತ್ತಿದ್ದರು ಎಂಬುದನ್ನು ಮುಂದಿನ ಕೆಲವು ವಾರಗಳಲ್ಲಿ ವಿಸ್ತಾರವಾಗಿ ಹೇಳಿದರು.

ಅವರು ಆರಂಭಿಸಿದ್ದು ಇಂಗ್ಲೆಂಡಿನ ಚರ್ಚಿನ 1604ರ ನಿಯಮದಿಂದ. ಬಿಷಪ್ಪರ ಪರವಾನಗಿಯಿಲ್ಲದೆ ಯಾರೂ ಶಾಲೆಯಲ್ಲಾಗಲಿ, ಮನೆಯಲ್ಲಾಗಲಿ ಕಲಿಸುವಂತಿರಲಿಲ್ಲ. ಪರವಾನಗಿ ಕೊಡುವ ಮೊದಲು ವಿದ್ಯೆ, ಕಲಿಸುವ ಕೌಶಲ, ನಡತೆ, ಧರ್ಮಶ್ರದ್ಧೆ ಈ ನಾಲ್ಕನ್ನೂ ಪರೀಕ್ಷಿಸಬೇಕಾಗಿತ್ತು. 1810ರಲ್ಲಿ ಜರ್ಮನಿಯ ಪ್ರಶ್ಯಾ ರಾಜ್ಯವು ಪ್ರೌಢಶಾಲೆಯ ಶಿಕ್ಷಕರಿಗೆ ಸರಕಾರಿ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ ಆ ಅಧಿಕಾರ ಚರ್ಚಿನಿಂದ ಸರಕಾರದ ಕಡೆಗೆ ಸರಿಯಿತು. ಫ್ರಾನ್ಸಿನ 1816ರ ಆಜ್ಞೆ ಪ್ರಾಥಮಿಕ ಶಿಕ್ಷಕರಿಗೆ ಮೂರು ದರ್ಜೆಯ ಅರ್ಹತಾ ಪತ್ರವನ್ನು ತಂದರೂ, ಒಳ್ಳೆಯ ನಡತೆಯ ಬಗ್ಗೆ ಊರಿನ ಪಾದ್ರಿ ಮತ್ತು ಮೇಯರ್ ಇಬ್ಬರ ಪ್ರಮಾಣಪತ್ರವನ್ನು ಉಳಿಸಿಕೊಂಡಿತ್ತು. ಆ ನಾಲ್ಕು ಅಂಶಗಳನ್ನು ಫಲಕದ ಎಡಭಾಗದಲ್ಲಿ ಬರೆದು, ಪ್ರತಿಯೊಂದು ಕಾಲದ ನಿಯಮದ ಎದುರಿಗೆ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಅವರು ಗುರುತು ಹಾಕುತ್ತ ಹೋದರು. ಹೀಗೆ ತೋರಿಸುವ ಪಾಠವನ್ನು ನಾನು ಟಿ.ಸಿ.ಎಚ್. ಓದುವಾಗಲೂ ಕೇಳಿರಲಿಲ್ಲ.

ನಮ್ಮ ಭಾಗದ ಚರಿತ್ರೆಗೆ ಬಂದಾಗ ಪಾಠ ಇನ್ನೂ ಹತ್ತಿರವಾಯಿತು. ವಿಜಯಪುರ, ಬೆಳಗಾವಿ, ಬಾಗಲಕೋಟೆ 1956ರ ಏಕೀಕರಣಕ್ಕೆ ಮುಂಚೆ ಮುಂಬೈ ಆಡಳಿತದಲ್ಲಿದ್ದುದರಿಂದ ನಮ್ಮ ಹಿರಿಯ ಮಾಸ್ತರರನ್ನು ತಯಾರಿಸಿದ್ದು ಆ ಪ್ರಾಂತದ ನಿಯಮಗಳೇ. ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳು ಬೇಕೆಂದು 1854ರ ವುಡ್‌ನ ವರದಿ ಹೇಳಿತು. ಮರಾಠಿಯೇ ಮೇಲುಗೈಯಾಗಿದ್ದ ದಿನಗಳಲ್ಲಿ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಡೆಪ್ಯುಟಿ ಚನ್ನಬಸಪ್ಪನವರು ಶಾಲೆಗಳ ಜತೆಗೆ ಕನ್ನಡ ಶಿಕ್ಷಕರ ತಯಾರಿಕೆಗೂ ದುಡಿದರು. 1882ರಲ್ಲಿ ನೇಮಕವಾದ ಹಂಟರ್ ಶಿಕ್ಷಣ ಆಯೋಗವು, ಬೋಧನೆಯ ತತ್ವ ಮತ್ತು ಪ್ರಯೋಗ ಎರಡರಲ್ಲೂ ಪರೀಕ್ಷೆ ನಡೆಸಿ, ಪಾಸಾದವರಿಗೆ ಮಾತ್ರ ಪ್ರೌಢಶಾಲೆಗಳಲ್ಲಿ ಕಾಯಂ ನೌಕರಿ ಕೊಡಬೇಕೆಂದು ಶಿಫಾರಸು ಮಾಡಿತು. ಅದೇ ಆಯೋಗದ ಮುಂದೆ ಸಮಾಜ ಸುಧಾರಕ ಜೋತಿರಾವ್ ಫುಲೆಯವರು ತರಬೇತಿ ಪಡೆದ ಶಿಕ್ಷಕರನ್ನು ಕೇಳಿದರು. ಆ ಶಿಕ್ಷಕರು ಆದಷ್ಟು ಒಕ್ಕಲು ಮಕ್ಕಳೇ ಆಗಿರಲಿ ಎಂದರು. ಸಂಬಳ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಇರಬಾರದು ಎಂದೂ ಹೇಳಿದರು. ಅರ್ಹತೆಯನ್ನು ಕೇಳುವವರು ಸಂಬಳದ ಮಾತನ್ನೂ ಆಡಬೇಕೆಂಬ ಫುಲೆಯವರ ಈ ನಿಲುವಿನ ಮೇಲೆ ಉಪನ್ಯಾಸಕರು ಹೆಚ್ಚು ಹೊತ್ತು ನಿಂತರು, ಅದು ಸರಿಯೇ ಆಗಿತ್ತು.

ಒಂದು ರವಿವಾರ ಅವರು ತಮ್ಮ ಅಜ್ಜನ ಪ್ರಮಾಣಪತ್ರವನ್ನು ತಂದಿದ್ದರು. ಮಡಿಕೆಗಳಲ್ಲಿ ಹರಿದಿದ್ದ ಆ ಕಾಗದದ ಹಿಂಬದಿಗೆ ತೆಳುವಾದ ಬಿಳಿ ಅರಿವೆಯನ್ನು ಅಂಟಿಸಿ ಉಳಿಸಿಕೊಂಡಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರರಾಗಿದ್ದ ಅಜ್ಜ ನಂತರ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಎರಡನೇ ವರ್ಷದ ಟ್ರೇನ್ಡ್ ಶಿಕ್ಷಕರಾಗಿ ಮರಳಿದ್ದರಂತೆ. ಅಂದರೆ ನೌಕರಿಗೆ ಸೇರಿದ ಮೇಲೆ ಅರ್ಹತೆಯನ್ನು ಸಂಪಾದಿಸುವುದು ನಮ್ಮ ಪಾಲಿಗೆ ಹೊಸದಾಗಿ ಬಂದ ಕಷ್ಟವಲ್ಲ. ಆದರೆ ಒಂದು ವ್ಯತ್ಯಾಸವಿದೆ: ಅಜ್ಜನವರು ಕಾಲೇಜಿನದೇ ಆದ ಅಭ್ಯಾಸ ಶಾಲೆಯಲ್ಲಿ ಮಕ್ಕಳ ಎದುರು ಪಾಠ ಮಾಡಿ ತೋರಿಸಬೇಕಾಗಿತ್ತು. ಇಂದಿನ ಟಿಇಟಿಯಲ್ಲಿ ಕಲಿಸುವ ಕೌಶಲವೂ ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿಯೇ ಬರುತ್ತದೆ. 1604ರ ಪಟ್ಟಿಯ ಎರಡನೆಯ ಅಂಶವಾದ ಕಲಿಸುವ ಕೌಶಲದ ಎದುರು ಅವರು ಅರ್ಧ ಗುರುತು ಮಾತ್ರ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕಿಗೆ ತಕ್ಕ ಉತ್ತರ ಸಿಕ್ಕಿತೆಂದು ನನಗೆ ಅನ್ನಿಸಿತು. ಈ ಪರೀಕ್ಷೆ ಅವರ ಇಪ್ಪತ್ತು ವರ್ಷದ ಕೆಲಸವನ್ನು ಅಳೆಯುವುದೇ ಇಲ್ಲ. ಆದ್ದರಿಂದ ಇದನ್ನು ಬರೆಯುವುದರಲ್ಲಿ ಅವಮಾನವಿಲ್ಲ, ಪಾಸಾದ ಮಾತ್ರಕ್ಕೆ ಒಳ್ಳೆಯ ಶಿಕ್ಷಕರೆಂಬ ಮುದ್ರೆಯೂ ಬೀಳುವುದಿಲ್ಲ.

ಇತ್ತೀಚಿನ ಕಾನೂನನ್ನೂ ಅವರು ಸ್ಪಷ್ಟವಾಗಿ ಬಿಡಿಸಿದರು. 1993ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಆರ್‌ಟಿಇ ಕಾಯ್ದೆಯ 23ನೇ ಕಲಮಿನ ಅಡಿಯಲ್ಲಿ 2010ರ ಆಗಸ್ಟ್ 23ರಂದು ಕನಿಷ್ಠ ಅರ್ಹತೆಗಳನ್ನು ಪ್ರಕಟಿಸಿ ಟಿಇಟಿಯನ್ನು ತಂದಿತು. ಅದಕ್ಕೂ ಮೊದಲು ನೇಮಕವಾದವರಿಗೆ ಆ ಪ್ರಕಟಣೆಯಲ್ಲಿಯೇ ವಿನಾಯಿತಿ ಇತ್ತೆಂದು ನಾವೆಲ್ಲ ನಂಬಿಕೊಂಡು ಬಂದಿದ್ದೆವು. 2025ರ ತೀರ್ಪು ಆ ನಂಬಿಕೆಯನ್ನು ಹೇಗೆ ಬದಲಿಸಿತು ಎಂಬುದನ್ನು ಇಷ್ಟು ಶಾಂತವಾಗಿ, ಯಾರನ್ನೂ ಹೆದರಿಸದೆ ವಿವರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟು ಒಳ್ಳೆಯ ಪಾಠ ನಡೆಯುವ ಕಡೆ ಕೊಡುವ ನೋಟ್ಸ್ ಮಾತ್ರ ಅಕ್ಷಮ್ಯವಾಗಿ ಹಳೆಯದು. ಟಿಇಟಿ ಪ್ರಮಾಣಪತ್ರಕ್ಕೆ ಏಳು ವರ್ಷಗಳ ಅವಧಿ ಎಂದು ಅದರಲ್ಲಿ ಅಚ್ಚಾಗಿದೆ; 2021ರಲ್ಲಿಯೇ ಅದನ್ನು ಜೀವನಪರ್ಯಂತ ಮಾನ್ಯವೆಂದು ಮಾಡಲಾಗಿದೆ. ಬಿ.ಇಡಿ. ಆದವರೂ ಒಂದರಿಂದ ಐದನೇ ತರಗತಿಗೆ ಅರ್ಹರು ಎಂಬ 2018ರ ಪ್ರಕಟಣೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸೇವೆಯಲ್ಲಿರುವ ನಮಗೆ ಇದರಿಂದ ಹಾನಿಯಿಲ್ಲದಿರಬಹುದು. ಆದರೆ ಅದೇ ನೋಟ್ಸನ್ನು ವಾರದ ದಿನಗಳ ಬ್ಯಾಚಿನ ಹುಡುಗ ಹುಡುಗಿಯರಿಗೂ ಮಾರಲಾಗುತ್ತಿದೆ. ಬಿ.ಇಡಿ. ಮುಗಿಸಿ ಮೊದಲ ಪತ್ರಿಕೆಗೆ ವರ್ಷಗಟ್ಟಲೆ ಓದುವ ಬಡವರ ಮಗುವಿಗೆ ಆ ಒಂದು ಸಾಲು ಮಾಡುವ ನಷ್ಟವನ್ನು ಯಾವ ಶುಲ್ಕ ವಾಪಸಿಯೂ ತುಂಬಿಕೊಡುವುದಿಲ್ಲ.

ಇತಿಹಾಸದ ಪಾಠದಿಂದ ಸಮಯ ಹಾಳಾಗುತ್ತದೆ, ಅದು ಪಠ್ಯಕ್ರಮದಲ್ಲಿಲ್ಲ ಎಂದು ಬ್ಯಾಚಿನ ಕೆಲವರು ಕಚೇರಿಗೆ ದೂರು ಕೊಟ್ಟಿದ್ದಾರೆ. ಕೇಂದ್ರದವರು ಅದಕ್ಕೆ ಮಣಿಯಬಾರದು. ಬೇಕಾದರೆ ಇಂಗ್ಲಿಷ್ ಪಾಠಕ್ಕೆ ಬೆಳಗಿನ ಒಂದು ತಾಸನ್ನು ಹೆಚ್ಚಿಸಲಿ. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಬಹುದು, ರಸೀದಿ ಕೊಡುತ್ತಾರೆ. ಕೋಣೆಯಲ್ಲಿ ಗಾಳಿ ಕಡಿಮೆ, ಮೆಟ್ಟಿಲುಗಳು ಕಡಿದಾಗಿರುವುದರಿಂದ ಮೊಣಕಾಲು ನೋವಿರುವವರು ಮೊದಲೇ ವಿಚಾರಿಸುವುದು ಒಳ್ಳೆಯದು. ನೋಟ್ಸಿನ ತಪ್ಪುಗಳನ್ನು ಬರವಣಿಗೆಯಲ್ಲಿ ಕೊಟ್ಟಾಗ ಹೊಸ ಮುದ್ರಣದಲ್ಲಿ ತಿದ್ದುವುದಾಗಿ ಒಪ್ಪಿಕೊಂಡಿದ್ದಾರೆ. ಮುಂದಿನ ಬ್ಯಾಚಿಗೆ ಸೇರುವವರು ಹಣ ಕಟ್ಟುವ ಮೊದಲು ಅರ್ಹತೆಯ ಅಧ್ಯಾಯವನ್ನು ತೆಗೆದು, ಪ್ರಮಾಣಪತ್ರದ ಅವಧಿ ಮತ್ತು ಬಿ.ಇಡಿ. ಕುರಿತ ಸಾಲುಗಳು ತಿದ್ದಿವೆಯೇ ಎಂದು ನೋಡಿಕೊಳ್ಳಬೇಕು. ತಿದ್ದಿರದಿದ್ದರೆ ನೋಟ್ಸಿನ ಹಣವನ್ನು ಬಿಟ್ಟು ಪಾಠದ ಶುಲ್ಕವನ್ನಷ್ಟೇ ಕಟ್ಟಲು ಅವಕಾಶವಿದೆ.