ಸ್ಕಿನ್ ಬಿಚ್ಚಿ ನೋಡದೆ ಡ್ರಮ್ ಸೆಟ್ ಕೊಳ್ಳಬೇಡಿ

ನಲವತ್ತು ದಾಟಿದ ಮೇಲೆ ಡ್ರಮ್ಸ್ ಕಲಿಯುವ ಆಸೆ ಹುಟ್ಟಿ, ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯ ಸಮೀಪದಲ್ಲೇ ಪಾಠ ಹೇಳಿಕೊಡುವ ಮೇಷ್ಟ್ರೊಬ್ಬರ ಬಳಿ ಸೇರಿಕೊಂಡೆ. ಆರು ತಿಂಗಳು ಪ್ರಾಕ್ಟೀಸ್ ಪ್ಯಾಡಿನ ಮೇಲೆ ಕೈ ಕೂರಿಸಿಕೊಳ್ಳಿ, ಸೆಟ್ ಕೊಳ್ಳುವಾಗ ನಾನೇ ಜೊತೆಗೆ ಬರುತ್ತೇನೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ನಾನು ಎರಡು ತಿಂಗಳಿಗೇ, ಅವರಿಗೆ ತಿಳಿಸದೆ, ಹಳೆಯ ಸೆಟ್ಟೊಂದನ್ನು 28,000 ರೂಪಾಯಿಗೆ ತಂದೆ. ಅದೇ ದಾರಿಯಲ್ಲಿ ಹೊರಟವರಿದ್ದರೆ ಹಣ ಕೊಡುವ ಮುನ್ನ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಮಾರಾಟಕ್ಕಿದ್ದದ್ದು ರಾಜಾಜಿನಗರದ ಮನೆಯೊಂದರಲ್ಲಿ. ಬೇಸ್ ಡ್ರಮ್, ಸ್ನೇರ್, ಎರಡು ಟಾಮ್, ಒಂದು ಫ್ಲೋರ್ ಟಾಮ್ ಸೇರಿದ ಫೈವ್ ಪೀಸ್ ಸೆಟ್, ಜೊತೆಗೆ ಹೈ-ಹ್ಯಾಟ್, ಕ್ರ್ಯಾಶ್ ಮತ್ತು ರೈಡ್ ಎಂಬ ಸಿಂಬಲ್‌ಗಳು, ಅಂದರೆ ಲೋಹದ ತಟ್ಟೆಗಳು. ಕೆಂಪು ಬಣ್ಣದ ಮೈ ಹೊಸದರಂತೆ ಹೊಳೆಯುತ್ತಿತ್ತು. ಮಾರುವವರು ಸ್ವತಃ ಕುಳಿತು ಬಾರಿಸಿ ತೋರಿಸಿದರು, ನನಗೆ ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಟಾಮ್‌ಗಳ ಸ್ಕಿನ್ನಿಗೆ, ಅಂದರೆ ಕೋಲು ಬೀಳುವ ಬಿಗಿದ ಹಾಳೆಗೆ, ಅಲ್ಲಲ್ಲಿ ಟೇಪ್ ಅಂಟಿಸಿದ್ದರು, ಬೇಸ್ ಡ್ರಮ್ಮಿನೊಳಗೆ ದಿಂಬು ತುರುಕಿದ್ದರು. ಇವೆರಡೂ ತಪ್ಪಲ್ಲ, ಬೇಡದ ಗುಂಯ್ ಸದ್ದನ್ನು ಅಡಗಿಸಲು ಒಳ್ಳೆಯ ವಾದಕರೂ ಹೀಗೆ ಮಾಡುತ್ತಾರೆ. ಆದರೆ ಡ್ರಮ್ಮಿನ ದೋಷವೂ ಅದೇ ಟೇಪಿನ ಕೆಳಗೆ ಅಡಗುತ್ತದೆ ಎಂಬುದು ನನಗಾಗ ಹೊಳೆಯಲಿಲ್ಲ. ಅದೇ ಸಂಜೆ ಟಾಟಾ ಏಸ್‌ನಲ್ಲಿ ಹೇರಿಕೊಂಡು ಮನೆಗೆ ಬಂದೆ.

ಸ್ಕಿನ್ ಸ್ವಲ್ಪ ಹಳೆಯದಾಗಿದೆಯೆಂದು ಹೊಸ ಜೊತೆ ತಂದು ಹಾಕಿದಾಗ ಗುಟ್ಟು ರಟ್ಟಾಯಿತು. ಫ್ಲೋರ್ ಟಾಮಿನ ಒಂದು ಕಡೆ ಕೀ ತಿರುಗಿಸಿ ಬಿಗಿ ಮಾಡಿದರೆ ಎದುರು ಕಡೆ ಸುಕ್ಕು ಏಳುತ್ತಿತ್ತು, ಸುಕ್ಕು ಬಿಡಿಸಲು ಹೋದರೆ ಸ್ವರ ಎಲ್ಲಿಗೋ ಏರುತ್ತಿತ್ತು. ಎರಡು ರಾತ್ರಿ ಇದರೊಡನೆ ಗುದ್ದಾಡಿ, ಭಾನುವಾರ ಮೇಷ್ಟ್ರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಬಂದವರೇ ಬೈಯದೆ ಸ್ಕಿನ್ ಬಿಚ್ಚಿ, ಬರಿಯ ಮರದ ಡ್ರಮ್ಮನ್ನು ಎತ್ತಿಕೊಂಡು ಹೋಗಿ ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬೋರಲಾಗಿ ನಿಲ್ಲಿಸಿದರು. ದೀಪ ಆರಿಸಿ, ಮೇಲಿನ ತೆರೆದ ಬಾಯಿಯಿಂದ ಮೊಬೈಲ್ ಟಾರ್ಚ್ ಒಳಗೆ ಹಿಡಿದರು. ಅಂಚು ಸಮತಟ್ಟಾಗಿದ್ದರೆ ಕಲ್ಲಿಗೂ ಮರಕ್ಕೂ ನಡುವೆ ಬೆಳಕು ಸೋರಬಾರದು. ನನ್ನ ಡ್ರಮ್ಮಿನಲ್ಲಿ ಮೂರು ಕಡೆ ಬೆಳಕಿನ ಗೆರೆ ಕಂಡಿತು, ಒಂದು ಕಡೆಯಂತೂ ಮರದ ಚೂರು ಕಿತ್ತುಹೋಗಿ ಅದಕ್ಕೆ ಅಂಟು ಮೆತ್ತಿದ್ದರು.

ಸ್ಕಿನ್ ಕೂರುವ ಆ ಓರೆಯಾದ ಅಂಚಿಗೆ ಬೇರಿಂಗ್ ಎಡ್ಜ್ ಎನ್ನುತ್ತಾರೆ. ಇಡೀ ಡ್ರಮ್ಮಿನಲ್ಲಿ ಸ್ಕಿನ್ ಮರವನ್ನು ಮುಟ್ಟುವುದು ಅಲ್ಲಿ ಮಾತ್ರ. ಅದು ಏರುಪೇರಾದರೆ ಎಷ್ಟು ದುಬಾರಿ ಸ್ಕಿನ್ ಹಾಕಿದರೂ ಸ್ವರ ಕೂರುವುದಿಲ್ಲ. ಬಳಿಕ ಅವರು ಅಳತೆ ಟೇಪಿನಿಂದ ಬಾಯಿಯ ಅಗಲವನ್ನು ಎರಡು ದಿಕ್ಕಿನಲ್ಲಿ ಅಳೆದರು. ಒಂದು ಕಡೆಗೂ ಇನ್ನೊಂದು ಕಡೆಗೂ ಬೆರಳ ದಪ್ಪದಷ್ಟಲ್ಲದಿದ್ದರೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು, ಅಂದರೆ ಡ್ರಮ್ಮು ದುಂಡಗೇ ಇರಲಿಲ್ಲ. ಹೊಳಪಿನ ಕೆಂಪು ಹೊದಿಕೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ; ನಾನು ನೋಡಿದ್ದು ಆ ಹೊದಿಕೆಯನ್ನು ಮಾತ್ರ.

ಸಿಂಬಲ್‌ಗಳ ಕಥೆ ಇನ್ನೂ ಬೇಸರದ್ದು. ಕ್ರ್ಯಾಶ್‌ನ ಮೇಲಿನ ರೆಕ್ಕೆಯ ನಟ್ಟನ್ನೂ ಫೆಲ್ಟ್ ಬಿಲ್ಲೆಯನ್ನೂ ತೆಗೆದಾಗ ನಡುವಿನ ರಂಧ್ರ ಬೀಗದ ಕಿಂಡಿಯಂತೆ ಉದ್ದಕ್ಕೆ ಸವೆದಿತ್ತು, ಅಲ್ಲಿಂದ ಹೊರಟ ಸಣ್ಣ ಬಿರುಕೊಂದು ಫೆಲ್ಟಿನ ಅಡಿಯಲ್ಲಿ ಮರೆಯಾಗಿತ್ತು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಹರಡುವುದನ್ನು ಕೆಲಕಾಲ ತಡೆಯಬಹುದೇ ಹೊರತು, ಮೊದಲಿನ ನಾದ ಮರಳುವುದಿಲ್ಲ. ಉಳಿದೆರಡು ಸಿಂಬಲ್ ಹಿತ್ತಾಳೆಯವು. ಅಗ್ಗದ ಸೆಟ್ಟುಗಳ ಜೊತೆ ಸಾಮಾನ್ಯವಾಗಿ ಇವೇ ಬರುತ್ತವೆ, ಬಾರಿಸಿದರೆ ಊಟದ ತಟ್ಟೆ ಬಿದ್ದಂತೆ ಕೇಳಿಸುತ್ತದೆ. ಕಂಚಿನವಾದರೆ ಬೇರೆ ಮಾತು: ಶೇ. 8ರಷ್ಟು ತವರವಿರುವುದಕ್ಕೆ ಬಿ8 ಎಂದೂ, ಶೇ. 20ರಷ್ಟಿರುವುದಕ್ಕೆ ಬಿ20 ಎಂದೂ ಹೆಸರು. ಕಲಿಯುವವರಿಗೆ ಬಿ8 ಸಾಕು. ಸಾಧಾರಣ ಡ್ರಮ್ಮನ್ನು ಹೊಸ ಸ್ಕಿನ್ನಿನಿಂದ ತಕ್ಕಮಟ್ಟಿಗೆ ಸುಧಾರಿಸಬಹುದು, ಆದರೆ ಹಿತ್ತಾಳೆಯ ಸಿಂಬಲ್ಲನ್ನು ಏನು ಮಾಡಿಯೂ ಸುಧಾರಿಸಲಾಗದು. ಆದ್ದರಿಂದ ಹಳೆಯ ಸೆಟ್ ನೋಡಲು ಹೋದಾಗ ನಟ್ಟು ಬಿಚ್ಚಿ ರಂಧ್ರ ನೋಡಿ, ಸಿಂಬಲ್ಲಿನ ಸುತ್ತ ಉಗುರು ಆಡಿಸಿ. ಬಿಚ್ಚಲು ಬಿಡದವರ ಬಳಿ ವ್ಯಾಪಾರವೇ ಬೇಡ.

ಹೈ-ಹ್ಯಾಟಿನ ಮೇಲಿನ ತಟ್ಟೆಯನ್ನು ಹಿಡಿದಿಡುವ ಕ್ಲಚ್ಚಿಗೆ ಟೇಪ್ ಸುತ್ತಿದ್ದದ್ದು, ಸ್ಕಿನ್ ಬಿಗಿಯುವ ರಾಡ್ ಕೂರುವ ಲಗ್‌ಗಳ ಪೈಕಿ ಎರಡರಲ್ಲಿ ತಿರುಪಿನ ಸುತ್ತು ಸವೆದು ರಾಡ್ ತಿರುಗುತ್ತಲೇ ಇದ್ದದ್ದು, ಕುರ್ಚಿಯೇ ಇಲ್ಲದಿದ್ದದ್ದು ಚಿಲ್ಲರೆ ಸಂಗತಿಗಳು. ಕುರ್ಚಿಯ ಮಾತನ್ನು ಚಿಲ್ಲರೆ ಎಂದೆನಲ್ಲ, ಅದು ತಪ್ಪು; ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಅಭ್ಯಾಸ ಮಾಡಿದ ಹತ್ತೇ ದಿನಕ್ಕೆ ನನ್ನ ಸೊಂಟ ಹಿಡಿದುಕೊಂಡಿತ್ತು. ಹೊಸ ಸೆಟ್ ಕೊಳ್ಳುವವರೂ ಇದನ್ನು ಗಮನಿಸಬೇಕು. ‘ಶೆಲ್ ಪ್ಯಾಕ್’ ಎಂದು ಬರೆದಿದ್ದರೆ ಅದರಲ್ಲಿ ಸಿಂಬಲ್, ಪೆಡಲ್, ಕುರ್ಚಿ ಯಾವುದೂ ಇರುವುದಿಲ್ಲ, ಬೆಲೆ ಕಡಿಮೆ ಕಾಣುವುದು ಅದಕ್ಕೇ.

ಇಷ್ಟರ ಮೇಲೆ ಮನೆಯ ಪ್ರಶ್ನೆ. ನಾವು ಮೊದಲ ಮಹಡಿಯಲ್ಲಿದ್ದೇವೆ, ಕೆಳಗೆ ಮನೆಯ ಯಜಮಾನಿ ಅಜ್ಜಿ. ಮೂರನೆಯ ದಿನ ಮೇಲೆ ಬಂದು, “ನೋಡಪ್ಪಾ, ನಿನ್ನ ಕೈ ಸದ್ದು ನನಗೆ ಕೇಳಿಸೋದೇ ಇಲ್ಲ, ಆದ್ರೆ ನೀನು ಕಾಲಲ್ಲಿ ತುಳಿದಾಗಲೆಲ್ಲಾ ಸ್ಟ್ಯಾಂಡಿನಲ್ಲಿ ಲೋಟ ಅಲ್ಲಾಡುತ್ತೆ” ಎಂದರು. ಅಜ್ಜಿ ಹೇಳಿದ್ದು ನಿಜ. ಕಾಲಿನ ಪೆಡಲಿನಿಂದ ಬಾರಿಸುವ ಬೇಸ್ ಡ್ರಮ್ಮಿನ ಏಟು ಗಾಳಿಗಿಂತ ಹೆಚ್ಚಾಗಿ ನೆಲದ ಮೂಲಕ ಇಳಿಯುತ್ತದೆ, ಗೋಡೆಗೆ ಫೋಮ್ ಅಂಟಿಸುವುದರಿಂದ ಅದು ನಿಲ್ಲುವುದಿಲ್ಲ. ಎಲೆಕ್ಟ್ರಾನಿಕ್ ಸೆಟ್ಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡರೂ ಪೆಡಲಿನ ಈ ಪೆಟ್ಟು ಕೆಳಮನೆಗೆ ತಲುಪುತ್ತದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನಿಟ್ಟು ಅದರ ಮೇಲೆ ಸೆಟ್ ಕೂರಿಸಿದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಕಾನೂನಿನ ಮಾತು ಹೇಳುವುದಾದರೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಬಾರಿಸುವವನ ಕಿವಿಯ ಬಳಿ ಡ್ರಮ್ ಸೆಟ್ 100 ಡೆಸಿಬಲ್ ದಾಟುವುದು ಸುಲಭ, ಹಾಗಾಗಿ ಇಯರ್‌ಪ್ಲಗ್ ಇಲ್ಲದೆ ಕೂರಬೇಡಿ.

ಈಗ ನಾನು ಮನೆಯಲ್ಲಿ ಪ್ಯಾಡಿನ ಮೇಲೆ ಅಭ್ಯಾಸ ಮಾಡಿ, ವಾರಕ್ಕೆರಡು ಬಾರಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮ್ ರೂಮಿಗೆ, ಅಂದರೆ ವಾದ್ಯಗಳಿರುವ ಅಭ್ಯಾಸದ ಕೋಣೆಗೆ, ಹೋಗುತ್ತೇನೆ. ಅಲ್ಲಿ ಬೇರೆ ಬೇರೆ ಸೆಟ್ಟುಗಳ ಮೇಲೆ ಕೂತ ಬಳಿಕವೇ ನನಗೆ 22 ಇಂಚಿಗಿಂತ 20 ಇಂಚಿನ ಬೇಸ್ ಡ್ರಮ್ ಹೊಂದುತ್ತದೆಂದು ತಿಳಿದದ್ದು. ಕೆಂಪು ಸೆಟ್ಟನ್ನು ಮಾರಾಟಕ್ಕಿಟ್ಟಿದ್ದೇನೆ. ಮೊದಲ ಫೋಟೋ ಅಂಟು ಮೆತ್ತಿದ ಅಂಚಿನದು, ಎರಡನೆಯದು ಕ್ರ್ಯಾಶ್‌ನ ಬಿರುಕಿನದು. ಐದು ವಾರವಾಯಿತು, ಒಬ್ಬರೂ ಫೋನ್ ಮಾಡಿಲ್ಲ.