ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ಎಚ್ಚರ

ಬೇಸಿಗೆಗೆ ಮುಂಚೆ ಕೊಯಮತ್ತೂರಿನಿಂದ ಪಂಪ್‌ಸೆಟ್ ತರಿಸುವುದು ಹುಬ್ಬಳ್ಳಿಯ ನಮ್ಮ ಅಂಗಡಿಯ ರೂಢಿ. ಈ ಸಲ ಮುಂಗಡವಾಗಿ ಕಳಿಸಿದ ನಾಲ್ಕೂವರೆ ಲಕ್ಷ ರೂಪಾಯಿ ಕಾರ್ಖಾನೆಗೆ ಮುಟ್ಟದೆ ಕಳ್ಳರ ಕೈ ಸೇರಿತು. ಪರಸ್ಥಳದವರೊಂದಿಗೆ ಇಮೇಲ್‌ನಲ್ಲಿ ವ್ಯವಹರಿಸುವ ಈ ಭಾಗದ ವರ್ತಕರು ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ದರದ ಮಾತುಕತೆ ನಡೆದಿದ್ದ ಅದೇ ಇಮೇಲ್ ಸರಣಿಯಲ್ಲಿ, ನಮ್ಮ ಹಿಂದಿನ ಪತ್ರಗಳೆಲ್ಲ ಕೆಳಗೆ ಇದ್ದಂತೆಯೇ, ಪ್ರೊಫಾರ್ಮಾ ಇನ್‌ವಾಯ್ಸ್ (ಮಾಲು ಕಳಿಸುವ ಮೊದಲು ಕೊಡುವ ಬಿಲ್ಲು) ಬಂತು. ಲೆಟರ್‌ಹೆಡ್, ಜಿಎಸ್‌ಟಿ ಸಂಖ್ಯೆ, ಮಾಲಿನ ವಿವರ, ದರ ಎಲ್ಲವೂ ಸರಿಯಾಗಿದ್ದವು. ಬ್ಯಾಂಕ್ ಖಾತೆ ಮಾತ್ರ ಬೇರೆಯದಾಗಿತ್ತು. ಹಳೆಯ ಖಾತೆ ಆಡಿಟ್‌ನಲ್ಲಿರುವುದರಿಂದ ಹಣವನ್ನು ಇದಕ್ಕೆ ಹಾಕಬೇಕೆಂದು ಒಂದು ಸಾಲಿನ ವಿವರಣೆಯೂ ಇತ್ತು. ಕಳಿಸಿದವರ ವಿಳಾಸವನ್ನು ಅಕ್ಷರ ಬಿಡದೆ ನೋಡಿ ಎಂಬ ಉಪದೇಶ ಎಲ್ಲೆಡೆ ಕೇಳಿಬರುತ್ತದೆ. ಇಲ್ಲಿ ಅದು ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಕಳ್ಳರು ಕಾರ್ಖಾನೆಯ ಅಸಲಿ ಇಮೇಲ್ ಖಾತೆಗೇ ನುಗ್ಗಿ ಅಲ್ಲಿಂದಲೇ ಬರೆದಿದ್ದರು.

ನಮ್ಮ ಲೆಕ್ಕ ಬರೆಯುವವರು ಬ್ಯಾಂಕಿನ ಮೂಲಕ ಹಣ ವರ್ಗಾಯಿಸುವ ಆರ್‌ಟಿಜಿಎಸ್ ಅರ್ಜಿಯಲ್ಲಿ ಕಾರ್ಖಾನೆಯ ಹೆಸರನ್ನೇ ಬರೆದಿದ್ದರೂ ಹಣ ಪರರ ಪಾಲಾಯಿತು. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಬ್ಯಾಂಕು ಖಾತೆ ಸಂಖ್ಯೆಯನ್ನಷ್ಟೇ ಆಧರಿಸಿ ಜಮಾ ಮಾಡುತ್ತದೆ, ಹೆಸರನ್ನು ತಾಳೆ ನೋಡುವುದಿಲ್ಲ ಎಂಬುದು ಎಷ್ಟೋ ಹಳೆಯ ವ್ಯಾಪಾರಿಗಳಿಗೂ ಗೊತ್ತಿಲ್ಲ. ಹಣ ಕಳಿಸುವ ಮೊದಲೇ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು; ನೆಟ್ ಬ್ಯಾಂಕಿಂಗ್‌ನಲ್ಲಾಗಲಿ ಶಾಖೆಯಲ್ಲಾಗಲಿ ಅದನ್ನು ಕೇಳಿ ಪಡೆಯಿರಿ.

ಮಾಲು ಬಾರದಿದ್ದಾಗ ವಿಚಾರಿಸಿದೆವು, ಮೋಸ ಹೊರಬಿತ್ತು. ತಕ್ಷಣ ಸೈಬರ್ ವಂಚನೆಯ ದೂರಿಗಿರುವ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹಣ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಕೊಟ್ಟಾಗ ಆ ಖಾತೆಯಲ್ಲಿ ಉಳಿದಿದ್ದಷ್ಟನ್ನು ತಡೆಹಿಡಿದರು, ಆದರೆ ಬಹುಪಾಲು ಅಷ್ಟರಲ್ಲೇ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗಿತ್ತು. ಕಾರ್ಖಾನೆಯವರು ತಮಗೆ ಹಣ ಬಂದಿಲ್ಲವಾದ್ದರಿಂದ ಮಾಲು ಕಳಿಸುವುದಿಲ್ಲ ಎನ್ನುತ್ತಿದ್ದಾರೆ. ಕನ್ನ ಬಿದ್ದದ್ದು ಅವರ ಇಮೇಲ್‌ಗೆ, ಹೋದದ್ದು ನಮ್ಮ ದುಡ್ಡು. ಈ ತಕರಾರು ಇನ್ನೂ ಬಗೆಹರಿದಿಲ್ಲ.

ಖಾತೆ ಬದಲಾವಣೆಯ ಪತ್ರ ಯಾರಿಂದಲೇ ಬರಲಿ, ಆ ಪತ್ರದಲ್ಲಿರುವ ಫೋನ್ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಕರೆ ಮಾಡಿ, ಪರಿಚಯದವರ ಬಾಯಿಂದ ಕೇಳಿದ ಮೇಲೆಯೇ ಹಣ ಕಳಿಸಿರಿ. ಮಾಲು ಮಾರುವವರು ತಮ್ಮ ಇಮೇಲ್‌ಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳುವುದರ ಜೊತೆಗೆ ಸೆಟ್ಟಿಂಗ್ಸ್‌ನಲ್ಲಿರುವ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನಿಯಮಗಳನ್ನೂ ನೋಡಬೇಕು. ನಮ್ಮ ಪತ್ರಗಳು ಕಾರ್ಖಾನೆಯವರ ಕಣ್ಣಿಗೆ ಬೀಳದಂತೆ ಬೇರೊಂದು ಫೋಲ್ಡರ್‌ಗೆ ಸರಿಯುವ ನಿಯಮವನ್ನು ಕಳ್ಳರು ಅಲ್ಲಿಯೇ ಬರೆದಿಟ್ಟಿದ್ದರು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅಂಥ ನಿಯಮ ಅಳಿಯುವುದಿಲ್ಲ, ಅದನ್ನು ಹುಡುಕಿ ಕೈಯಾರೆ ತೆಗೆಯಬೇಕಾಗುತ್ತದೆ.